ಗ್ರೋ ಟೆಂಟ್‌ಗೆ ಬರೀ ಫ್ಯಾನ್ ಸಾಕಾ, ಕೂಲರ್ ಬೇಕಾ, ಎಸಿನೇ ಹಾಕಿಸಬೇಕಾ?

ಗ್ರೋ ಟೆಂಟ್ ಅಂದರೆ ಮನೆಯೊಳಗೆ ಲೈಟ್ ಹಾಕಿ ಗಿಡ ಬೆಳೆಸುವ, ಜಿಪ್ ಇರುವ ಬಟ್ಟೆಯ ಗೂಡು. ಮಾರ್ಚ್ ಬಂತು ಅಂದ್ರೆ ಅದರ ಬಗ್ಗೆ ನನಗೆ ಬರುವ ಮೆಸೇಜುಗಳೆಲ್ಲ ಒಂದೇ ಥರ. "ಟೆಂಟ್ ಒಳಗೆ 36 ಡಿಗ್ರಿ ತೋರಿಸ್ತಿದೆ, ಯಾವ ಫ್ಯಾನ್ ತಗೊಳ್ಳಲಿ?" "ನಾಲ್ಕು ಇಂಚಿಂದಾ, ಆರು ಇಂಚಿಂದಾ?" "ಪೋರ್ಟಬಲ್ ಎಸಿ ತಗೊಂಡ್ರೆ ಸಾಕಲ್ವಾ?" ಕೇಳಿದವರಲ್ಲಿ ಒಬ್ಬರು ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವವರು, ಇನ್ನೊಬ್ಬರು ಮಂಗಳೂರಿನವರು, ಮತ್ತೊಬ್ಬರು ಕಲಬುರಗಿಯವರು. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರ ದುಡ್ಡು ನೀರಿನಲ್ಲಿ ಹೋಮ ಮಾಡಿದ ಹಾಗೆ. ಅದಕ್ಕೇ ಕೂತು ಉದ್ದಕ್ಕೆ ಬರೆಯುತ್ತಿದ್ದೇನೆ.

ನನ್ನದು 4 ಅಡಿ ಉದ್ದ, 4 ಅಡಿ ಅಗಲ, ಆರೂವರೆ ಅಡಿ ಎತ್ತರದ ಟೆಂಟ್. ಒಳಗೆ 200 ವ್ಯಾಟ್‌ನ ಎಲ್‌ಇಡಿ ಲೈಟ್. ಲೆಟಿಸ್, ಬೇಸಿಲ್, ಕೊತ್ತಂಬರಿ, ಒಂದಷ್ಟು ಸ್ಟ್ರಾಬೆರಿ. ಮನೆ ಬೆಂಗಳೂರಿನಲ್ಲಿ, ಕೊನೆಯ ಮಹಡಿ, ಟೆಂಟ್ ಇರುವ ರೂಮಿಗೆ ಪಶ್ಚಿಮದ ಗೋಡೆ. ಮೊದಲ ವರ್ಷದ ಏಪ್ರಿಲ್‌ನಲ್ಲಿ ಒಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಜಿಪ್ ಎಳೆದರೆ ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಬಿಸಿ ಹೊಡೆಯಿತು. ವಾರದ ಹಿಂದೆ ಅಂಗೈಯಷ್ಟು ಎತ್ತರ ಇದ್ದ ಲೆಟಿಸ್ ದಂಟು ಏರಿಸಿಕೊಂಡು ಮೊಳದುದ್ದ ಆಗಿತ್ತು. ದಂಟು ಮುರಿದರೆ ಬಿಳಿ ಹಾಲು ಸುರಿಯುತ್ತಿತ್ತು, ಎಲೆ ಬಾಯಿಗಿಟ್ಟರೆ ಬೇವಿನ ಕಹಿ. ಎರಡು ತಿಂಗಳ ಕೆಲಸ ಹಾಳಾಗಿ ಹೋಯಿತಲ್ಲ ಅಂತ ಆವತ್ತು ತುಂಬ ಸಂಕಟವಾಯಿತು. ಆಮೇಲೆ ಓಡಿಹೋಗಿ ದೊಡ್ಡ ಫ್ಯಾನ್ ತಂದೆ. ಅದರಿಂದ ಅಷ್ಟೇನೂ ಬದಲಾಗಲಿಲ್ಲ. ಯಾಕೆ ಬದಲಾಗಲಿಲ್ಲ ಅನ್ನೋದೇ ಈ ಬರಹದ ಮುಖ್ಯ ವಿಷಯ.

ಫ್ಯಾನ್ ತಂಪು ಮಾಡುವುದಿಲ್ಲ. ಟೆಂಟ್ ಒಳಗಿನ ಗಾಳಿ ತೆಗೆದು ರೂಮಿನ ಗಾಳಿ ತುಂಬಿಸುತ್ತದೆ, ಅಷ್ಟೇ. ರೂಮಿನಲ್ಲಿ 33 ಡಿಗ್ರಿ ಇದ್ದರೆ, ಎಷ್ಟೇ ದೊಡ್ಡ ಫ್ಯಾನ್ ಹಾಕಿದರೂ ಟೆಂಟ್ 33ಕ್ಕಿಂತ ಒಂದೆರಡು ಡಿಗ್ರಿ ಮೇಲೇ ನಿಲ್ಲುತ್ತದೆ. ಟೆಂಟ್ ಫ್ರಿಜ್ ಅಲ್ಲ. ಅದರ ಹಣೆಬರಹ ಬರೆಯುವುದು ರೂಮು. ಆದ್ದರಿಂದ ಯಾವುದನ್ನು ಕೊಳ್ಳಬೇಕು ಅಂತ ಯೋಚಿಸುವ ಮೊದಲು ರೂಮನ್ನು ಅಳೆಯಬೇಕು.

ಮೊದಲು ಇವಿಷ್ಟು ತಿಳಿದುಕೊಳ್ಳಿ

ಮುನ್ನೂರು ನಾನೂರು ರೂಪಾಯಿಗೆ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ, ತೇವಾಂಶವನ್ನೂ ತೋರಿಸುವಂಥದ್ದು. ಎರಡು ತನ್ನಿ. ಒಂದು ಟೆಂಟ್ ಒಳಗೆ ಗಿಡದ ತುದಿಯ ಮಟ್ಟದಲ್ಲಿ, ಇನ್ನೊಂದು ರೂಮಿನಲ್ಲಿ. ಒಳಗಿನದ್ದಕ್ಕೆ ಲೈಟ್ ನೇರ ಬೀಳಬಾರದು, ಬಿದ್ದರೆ ಎರಡು ಮೂರು ಡಿಗ್ರಿ ಸುಳ್ಳು ಹೇಳುತ್ತದೆ. ಒಂದು ಪೇಪರ್ ಕಪ್ಪನ್ನು ಮಗುಚಿ ಕೊಡೆಯ ಹಾಗೆ ಕಟ್ಟಿದರೆ ಸಾಕು. ಮೂರು ದಿನ ಬೆಳಿಗ್ಗೆ ಆರು, ಮಧ್ಯಾಹ್ನ ಮೂರು, ರಾತ್ರಿ ಹತ್ತು, ಹೀಗೆ ಬರೆದಿಡಿ.

ಬರೆದದ್ದನ್ನು ನೋಡಿದರೆ ಎರಡು ವಿಷಯ ಗೊತ್ತಾಗುತ್ತದೆ. ರೂಮಿಗೂ ಟೆಂಟ್‌ಗೂ ಐದಾರು ಡಿಗ್ರಿ ವ್ಯತ್ಯಾಸ ಇದ್ದರೆ ನಿಮ್ಮದು ಗಾಳಿಯ ಸಮಸ್ಯೆ, ಫ್ಯಾನ್ ಬದಲಾಯಿಸಿದರೆ ಸರಿಹೋಗುತ್ತದೆ. ವ್ಯತ್ಯಾಸ ಎರಡು ಮೂರೇ ಇದ್ದು ರೂಮೇ 33 ಇದ್ದರೆ, ಫ್ಯಾನಿಗೆ ಇನ್ನೊಂದು ರೂಪಾಯಿ ಹಾಕಬೇಡಿ.

ಆಮೇಲೆ ನಿಮ್ಮ ಬೆಳೆ. ಲೆಟಿಸ್‌ಗೆ 18ರಿಂದ 24 ಡಿಗ್ರಿ ಇಷ್ಟ, 28 ದಾಟಿ ದಿನಗಟ್ಟಲೆ ನಿಂತರೆ ಹೂ ತೆಗೆಯಲು ಹೊರಡುತ್ತದೆ. ಕೊತ್ತಂಬರಿಯದ್ದೂ ಹೆಚ್ಚುಕಡಿಮೆ ಅದೇ ಸ್ವಭಾವ. ಸ್ಟ್ರಾಬೆರಿ ಇನ್ನೂ ನಾಜೂಕು. ಬೇಸಿಲ್‌ಗೆ 30 ಆದರೂ ತೊಂದರೆ ಇಲ್ಲ. ಟೊಮೆಟೊ, ಮೆಣಸಿನಕಾಯಿ ಎಲೆ ಚೆನ್ನಾಗಿಯೇ ಇರುತ್ತದೆ, ಆದರೆ 33-34 ದಾಟಿದರೆ ಹೂ ಉದುರಿ ಕಾಯಿ ಕಚ್ಚುವುದಿಲ್ಲ.

ತೇವಾಂಶ 50ರಿಂದ 70ರ ಒಳಗಿದ್ದರೆ ನೆಮ್ಮದಿ. ಅದಕ್ಕಿಂತ ಜಾಸ್ತಿಯಾಗಿ ಗಾಳಿಯೂ ಆಡದಿದ್ದರೆ ಬೂಷ್ಟು. ಇದರ ಜೊತೆಗೆ ಇನ್ನು ಮೂರು ಪ್ರಶ್ನೆ ಕೇಳಿಕೊಳ್ಳಿ. ತಿಂಗಳಿಗೆ ಎಷ್ಟು ಕರೆಂಟ್ ಬಿಲ್ ತಡೆದುಕೊಳ್ತೀರಿ? ಆ ರೂಮಿನಲ್ಲಿ ಯಾರಾದರೂ ಮಲಗ್ತಾರಾ? ಗೋಡೆಗೆ ತೂತು ಹಾಕಲು ಮನೆ ಓನರ್ ಬಿಡ್ತಾರಾ? ಬಾಡಿಗೆ ಮನೆಯವರಿಗೆ ಎಷ್ಟೋ ಸಲ ಈ ಕೊನೆಯದೇ ಎಲ್ಲವನ್ನೂ ತೀರ್ಮಾನ ಮಾಡಿಬಿಡುತ್ತದೆ.

ಲೆಕ್ಕ ಸುಲಭವಾಗಲಿ ಅಂತ ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದಿದ್ದೇನೆ. ನಿಮ್ಮ ಬಿಲ್ ನೋಡಿ ತಿದ್ದಿಕೊಳ್ಳಿ.

ದುಡ್ಡು ಖರ್ಚಿಲ್ಲದ್ದು: ಗಿಡಕ್ಕೆ ರಾತ್ರಿಯನ್ನೇ ಹಗಲು ಮಾಡಿ

ಇದನ್ನು ಮಾಡದೆ ಮುಂದಿನ ಯಾವುದನ್ನೂ ಕೊಳ್ಳಬೇಡಿ. ಟೆಂಟ್ ಒಳಗಿನ ಗಿಡಕ್ಕೆ ಸೂರ್ಯ ಗೊತ್ತಿಲ್ಲ, ಟೈಮರ್ ಮಾತ್ರ ಗೊತ್ತು. ಲೆಟಿಸ್‌ಗೆ 14 ಗಂಟೆ ಬೆಳಕು ಬೇಕು ಅಂದರೆ ಅದು ರಾತ್ರಿ ಎಂಟರಿಂದ ಬೆಳಿಗ್ಗೆ ಹತ್ತರವರೆಗೆ ಯಾಕಾಗಬಾರದು? ಬೆಂಗಳೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಸಾಮಾನ್ಯವಾಗಿ 34 ಡಿಗ್ರಿ, ಬೆಳಗಿನ ಜಾವ 22. ಮಧ್ಯೆ 12 ಡಿಗ್ರಿ ಪುಕ್ಕಟೆ ಬಿದ್ದಿದೆ. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾಗಿತ್ತು, ಅಂಥ ದಿನ ಮಧ್ಯಾಹ್ನ 200 ವ್ಯಾಟ್ ಲೈಟ್ ಉರಿಸುವುದು ಅಂದರೆ ಒಲೆಯ ಪಕ್ಕ ಇನ್ನೊಂದು ಒಲೆ ಹಚ್ಚಿದ ಹಾಗೆ.

ಕೊನೆಯ ಮಹಡಿಯವರಿಗೆ ಒಂದು ಮಾತು. ತಾರಸಿ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಆರರಿಂದ ಕೆಳಗೆ ಬಿಡುತ್ತದೆ. ಹಾಗಾಗಿ ಆರಕ್ಕೇ ಲೈಟ್ ಹಾಕಬೇಡಿ. ಎಂಟು, ಒಂಬತ್ತಾಗಲಿ, ಕಿಟಕಿ ತೆಗೆದು ಹೊರಗಿನ ಗಾಳಿ ಬರಲಿ, ಆಮೇಲೆ ಶುರುವಾಗಲಿ. ನನ್ನಲ್ಲಿ ಇದೊಂದರಿಂದಲೇ ಲೈಟ್ ಉರಿಯುವ ಹೊತ್ತಿನ ಬಿಸಿ 36ರಿಂದ 29ಕ್ಕೆ ಇಳಿಯಿತು.

ಇದರ ಜೊತೆ ಇನ್ನೆರಡು. ಲೈಟ್‌ನ ಡ್ರೈವರ್, ಅಂದರೆ ಆ ಭಾರದ ಲೋಹದ ಡಬ್ಬ, ಬಿಚ್ಚಿ ಬೇರೆ ಇಡಲು ಬರುವಂತಿದ್ದರೆ ಟೆಂಟ್ ಹೊರಗೆ ನೇತುಹಾಕಿ, ಒಟ್ಟು ಬಿಸಿಯಲ್ಲಿ ನೂರಕ್ಕೆ ಐದಾರು ಪಾಲಾದರೂ ಹೊರಗೇ ಉಳಿಯುತ್ತದೆ. ಡಿಮ್ಮರ್ ಇದ್ದರೆ ಬೇಸಿಗೆಯ ಎರಡು ತಿಂಗಳು ಮುಕ್ಕಾಲು ಬೆಳಕಿಗೆ ಇಳಿಸಿ. ಗಿಡ ಸ್ವಲ್ಪ ನಿಧಾನವಾಗಿ ಬೆಳೆಯುತ್ತದೆ, ಆದರೆ ಉಳಿಯುತ್ತದೆ.

ತೊಂದರೆ ಏನೆಂದರೆ ಶಬ್ದ. ರಾತ್ರಿಯಿಡೀ ಫ್ಯಾನ್ ಓಡಬೇಕು, ಜಿಪ್‌ನ ಸಂದಿಯಿಂದ ಬೆಳಕು ಸೋರುತ್ತದೆ. ಮಲಗುವ ಕೋಣೆಯಲ್ಲೇ ಟೆಂಟ್ ಇಟ್ಟವರಿಗೆ ಇದು ಕಷ್ಟ.

ಫ್ಯಾನ್: ಬಾತ್‌ರೂಮಿಂದಾ, ಇನ್‌ಲೈನಾ?

ಸಾವಿರ ರೂಪಾಯಿ ಚಿಲ್ಲರೆಗೆ ಸಿಗುವ ಬಾತ್‌ರೂಮ್ ಎಕ್ಸಾಸ್ಟ್ ಫ್ಯಾನ್ ನೋಡಿ ಎಲ್ಲರಿಗೂ ಆಸೆಯಾಗುತ್ತದೆ, ನನಗೂ ಆಗಿತ್ತು. ಅದು ಗೋಡೆಯ ತೂತಿನಿಂದ ನೇರ ಆಚೆಗೆ ಊದಲು ಮಾಡಿದ್ದು. ಅದರ ಮುಂದೆ ಎಂಟು ಅಡಿ ಡಕ್ಟ್ ಪೈಪ್ ಸಿಕ್ಕಿಸಿ ಒಂದು ತಿರುವು ಕೊಟ್ಟರೆ, ಡಬ್ಬದ ಮೇಲೆ ಬರೆದ ಲೆಕ್ಕದ ಅರ್ಧ ಗಾಳಿಯೂ ಆಚೆ ತುದಿಗೆ ತಲುಪುವುದಿಲ್ಲ. ಪೈಪ್ ತಡೆದಾಗ ಒತ್ತಿ ನೂಕುವ ಶಕ್ತಿ ಅದಕ್ಕಿಲ್ಲ. 2 ಅಡಿಯ ಪುಟ್ಟ ಟೆಂಟ್ ಕಿಟಕಿಗೆ ತಾಗಿಕೊಂಡೇ ಇದೆ, ಪೈಪೇ ಬೇಡ ಅನ್ನುವವರಿಗೆ ಮಾತ್ರ ಇದು ಸರಿ.

ಇನ್‌ಲೈನ್ ಫ್ಯಾನ್ ಪೈಪಿನ ಮಧ್ಯೆ ಕೂರಲೆಂದೇ ಮಾಡಿದ್ದು. ನಾಲ್ಕು ಇಂಚಿನದ್ದು ಸುಮಾರು ನಾಲ್ಕೈದು ಸಾವಿರ, ಆರು ಇಂಚಿನದ್ದು ಆರರಿಂದ ಒಂಬತ್ತು ಸಾವಿರ. ಯಾವುದು ಬೇಕು ಅನ್ನೋದಕ್ಕೆ ಒಂದು ಸುಲಭದ ಲೆಕ್ಕವಿದೆ. ಲೈಟ್ ಎಳೆಯುವ ವ್ಯಾಟ್ ಹೆಚ್ಚುಕಡಿಮೆ ಪೂರ್ತಿ ಕೊನೆಗೆ ಬಿಸಿಯೇ ಆಗುತ್ತದೆ. ಆ ವ್ಯಾಟನ್ನು 1.8ರಿಂದ ಗುಣಿಸಿ, ರೂಮಿಗಿಂತ ಎಷ್ಟು ಡಿಗ್ರಿ ಜಾಸ್ತಿಯಾದರೆ ಪರವಾಗಿಲ್ಲವೋ ಅದರಿಂದ ಭಾಗಿಸಿ. ಬಂದದ್ದೇ ನಿಮಗೆ ಬೇಕಾದ ಸಿಎಫ್‌ಎಂ, ಅಂದರೆ ಫ್ಯಾನ್ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಸಾಗಿಸಬೇಕು ಅನ್ನುವ ಲೆಕ್ಕ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಹತ್ತರಲ್ಲಿ ಒಂದು ಪಾಲು ತೆಳುವು, ಅದೇ ಗಾತ್ರದ ಗಾಳಿ ಕಡಿಮೆ ಬಿಸಿ ಹೊರುತ್ತದೆ. ಅದಕ್ಕೆ ಬೆಂಗಳೂರು, ಮೈಸೂರಿನ ಕಡೆಯವರು 1.8ರ ಬದಲು 2 ಅಂತಲೇ ಹಿಡಿಯಿರಿ.

ನನ್ನ ಲೆಕ್ಕ ಹೀಗೆ: 200 ವ್ಯಾಟ್, 3 ಡಿಗ್ರಿ ಹೆಚ್ಚಾದರೆ ಸರಿ, ಅಂದರೆ 200ಕ್ಕೆ 2 ಗುಣಿಸಿ 3ರಿಂದ ಭಾಗಿಸಿದರೆ 133 ಸಿಎಫ್‌ಎಂ. 2 ಅಡಿ ಟೆಂಟ್, 100 ವ್ಯಾಟ್ ಲೈಟ್ ಆದರೆ 67 ಸಾಕು. ವ್ಯತ್ಯಾಸವನ್ನು ಮೂರರಿಂದ ಒಂದು ಡಿಗ್ರಿಗೆ ಇಳಿಸಬೇಕು ಅಂದರೆ ಮೂರು ಪಟ್ಟು ಗಾಳಿ ಬೇಕು, ನನಗೆ 400 ಸಿಎಫ್‌ಎಂ. ಎರಡು ಡಿಗ್ರಿಗೋಸ್ಕರ ಮನೆಯಲ್ಲಿ ಬಿರುಗಾಳಿ. ನಾನು ತಂದ ದೊಡ್ಡ ಫ್ಯಾನ್ ಸೋತದ್ದು ಇಲ್ಲೇ.

ನಾಲ್ಕು ಇಂಚಿನ ಫ್ಯಾನ್ ಡಬ್ಬದ ಮೇಲೆ 190-200 ಅಂತ ಇರುತ್ತದೆ. ಪೈಪು, ತಿರುವು, ಜಾಲರಿ ಎಲ್ಲ ಕಳೆದು ಮುಕ್ಕಾಲು ಪಾಲು ಸಿಕ್ಕರೆ ಪುಣ್ಯ. ಆದ್ದರಿಂದ 2 ಅಡಿ, 3 ಅಡಿ ಟೆಂಟ್‌ನವರಿಗೆ ನಾಲ್ಕು ಇಂಚು ಸಾಕು. ನಾಲ್ಕು ಅಡಿಯವರಿಗೆ ಆರು ಇಂಚಿನದ್ದೇ ಒಳ್ಳೆಯದು. ಕಾರಣ ಶಬ್ದ. ಆರು ಇಂಚಿನದ್ದನ್ನು ಅರ್ಧ ಸ್ಪೀಡಿನಲ್ಲಿ ಓಡಿಸಿದರೆ ಆಗುವ ಸದ್ದು, ನಾಲ್ಕು ಇಂಚಿನದ್ದನ್ನು ಪೂರ್ತಿ ಓಡಿಸಿದಾಗಿನ ಸದ್ದಿಗಿಂತ ಎಷ್ಟೋ ಕಡಿಮೆ. ಇಸಿ ಮೋಟಾರ್, ಅಂದರೆ ಸ್ಪೀಡನ್ನು ಎಲೆಕ್ಟ್ರಾನಿಕ್ ಆಗಿ ಹಿಡಿತದಲ್ಲಿಡುವ ಮೋಟಾರ್ ಇರುವುದು ಸಿಕ್ಕರೆ ಸಾವಿರ ರೂಪಾಯಿ ಜಾಸ್ತಿ ಕೊಟ್ಟಾದರೂ ತಗೊಳ್ಳಿ. ಕಡಿಮೆ ಸ್ಪೀಡಿನಲ್ಲಿ ಗುಂಯ್ ಅನ್ನುವುದಿಲ್ಲ. 30 ವ್ಯಾಟಿನಲ್ಲಿ ದಿನವಿಡೀ ಓಡಿದರೂ ತಿಂಗಳಿಗೆ 22 ಯೂನಿಟ್, ಅಂದರೆ ನೂರೈವತ್ತು ರೂಪಾಯಿ. ಇನ್‌ವರ್ಟರ್ ಇದ್ದವರು ಫ್ಯಾನನ್ನು ಮಾತ್ರ ಅದಕ್ಕೆ ಕೊಡಿ, ಲೈಟ್ ಬೇಡ. ಕರೆಂಟ್ ಹೋದಾಗ ಬಿಸಿ ಹುಟ್ಟುವುದೂ ನಿಂತಿರುತ್ತದೆ, ಗಾಳಿ ಆಡಿದರೆ ಸಾಕು.

ಕಿಟ್‌ನಲ್ಲಿ ಕಾರ್ಬನ್ ಫಿಲ್ಟರ್ ಕೂಡ ಸೇರಿಸಿ ಮಾರುತ್ತಾರೆ. ಅದು ವಾಸನೆ ಹೀರಲು. ಲೆಟಿಸ್‌ಗೆ ಯಾವ ವಾಸನೆ? ಅದನ್ನು ಬಿಟ್ಟರೆ ದುಡ್ಡೂ ಉಳಿಯಿತು, ಗಾಳಿಯೂ ಸಲೀಸು.

ಜೋಡಿಸುವಾಗ ಬಿಸಿಗಾಳಿ ಮೇಲೇರುತ್ತದೆ ಅನ್ನೋದನ್ನು ಮರೀಬೇಡಿ. ತೆಗೆಯುವುದು ಮೇಲಿನ ಮೂಲೆಯಿಂದ, ಒಳಬರುವುದು ಎದುರಿನ ಕೆಳಮೂಲೆಯಿಂದ. ಒಳಬರುವ ಬಾಯಿ ಹೊರಹೋಗುವ ಬಾಯಿಗಿಂತ ಎರಡು ಮೂರು ಪಟ್ಟು ದೊಡ್ಡದಿರಲಿ. ಟೆಂಟ್‌ನ ಬಟ್ಟೆ ಸ್ವಲ್ಪ ಒಳಕ್ಕೆ ಸೆಳೆದುಕೊಂಡಿದ್ದರೆ ಸರಿಯಾಗಿದೆ ಅಂತ ಅರ್ಥ. ಒಣಗಿದ ಹೊಟ್ಟೆಯ ಹಾಗೆ ಪೂರ್ತಿ ಒಳಕ್ಕೆ ಹೋಗಿದ್ದರೆ ಕೆಳಗಿನ ಕಿಂಡಿ ಇನ್ನೂ ಬಿಚ್ಚಿ. ಕಿಂಡಿಗೆ ಸೊಳ್ಳೆ ಪರದೆ ಕಟ್ಟಿದರೆ ಧೂಳು, ಸೊಳ್ಳೆ ನಿಲ್ಲುತ್ತವೆ. ಬಿಳಿ ನೊಣ, ಥ್ರಿಪ್ಸ್‌ನಂಥ ಪುಟ್ಟ ಕೀಟಗಳು ನಿಲ್ಲಲ್ಲ, ಅದಕ್ಕೆ ಇನ್ನೂ ಸಣ್ಣ ಕಣ್ಣಿನ ಬಲೆ ಬೇಕು. ಸಣ್ಣ ಕಣ್ಣಾದಷ್ಟೂ ಬಲೆಯ ಅಗಲ ಹೆಚ್ಚಿಸಿ, ಇಲ್ಲಾಂದ್ರೆ ಫ್ಯಾನ್ ಉಸಿರು ಕಟ್ಟುತ್ತದೆ.

ಬಾಡಿಗೆ ಮನೆಯವರ ತೂತಿನ ಚಿಂತೆಗೆ ನಾನು ಮಾಡಿದ್ದು ಇದು. ಸ್ಲೈಡಿಂಗ್ ಕಿಟಕಿಯನ್ನು ಒಂಬತ್ತು ಇಂಚು ಸರಿಸಿ, ಆ ಸಂದಿಗೆ ಸರಿಯಾಗಿ ಒಂದು ಪ್ಲೈವುಡ್ ಪಟ್ಟಿ ಕುಯ್ಯಿಸಿ ಹಳಿಯಲ್ಲೇ ನಿಲ್ಲಿಸಿದೆ. ಪಟ್ಟಿಯಲ್ಲಿ ಆರು ಇಂಚಿನ ದುಂಡು ತೂತು, ಅದಕ್ಕೆ ಪೈಪು. ಬಡಗಿ ಇನ್ನೂರು ರೂಪಾಯಿ ತಗೊಂಡ. ಮನೆ ಬಿಡುವಾಗ ಪಟ್ಟಿ ತೆಗೆದರೆ ಆಯಿತು, ಗೋಡೆಗೆ ಒಂದು ಗೀರೂ ಇಲ್ಲ.

ಇದರ ಜೊತೆ ಒಳಗೊಂದು ಸಣ್ಣ ಕ್ಲಿಪ್ ಫ್ಯಾನ್ ಬೇಕೇ ಬೇಕು. ಆರುನೂರು ಏಳುನೂರು ರೂಪಾಯಿಯದ್ದು. ಲೆಟಿಸ್‌ನ ಒಳಗಿನ ಎಳೆ ಎಲೆಗಳ ಅಂಚು ಸುಟ್ಟ ಕಾಗದದ ಹಾಗೆ ಕಂದು ಕಟ್ಟಿ ಮುದುಡಿದ್ದನ್ನು ನೋಡಿದ್ದೀರಾ? ಬಹಳ ಜನ ಗೊಬ್ಬರ ಕಡಿಮೆಯಾಯಿತು ಅಂತ ಇನ್ನಷ್ಟು ಹಾಕುತ್ತಾರೆ. ಕ್ಯಾಲ್ಸಿಯಂ ನೀರಿನ ಜೊತೆಗೇ ಎಲೆಗೆ ಹೋಗುವಂಥದ್ದು, ಎಲೆ ಬೆವರಿದರೆ ಮಾತ್ರ ನೀರು ಮೇಲೇರುತ್ತದೆ. ಸುರುಳಿಯ ಒಳಗಿನ ಎಳೆಯ ಎಲೆಗೆ ಗಾಳಿಯೇ ತಾಗದಿದ್ದರೆ ಅದು ಬೆವರುವುದು ಹೇಗೆ? ಮೇಲಿನಿಂದ ಮೆಲ್ಲಗೆ ಗಾಳಿ ಬೀಳುವ ಹಾಗೆ ಫ್ಯಾನ್ ತಿರುಗಿಸಿದ ಮೇಲೆ ನನ್ನಲ್ಲಿ ಹೊಸ ಎಲೆಗಳ ಅಂಚು ಚೆನ್ನಾಗಿ ಬಂತು. ಎಲೆ ಸಣ್ಣಗೆ ನಡುಗಬೇಕು, ಬಡಿದಾಡಬಾರದು.

ಕೂಲರ್: ಮಡಕೆ ನೀರನ್ನು ಕೇಳಿ

ರೂಮೇ ಬಿಸಿ ಇದೆ ಅಂದಾಗ ಮುಂದಿನ ಮೆಟ್ಟಿಲು ಕೂಲರ್. ಆರೇಳು ಸಾವಿರದಿಂದ ಶುರು, 150 ವ್ಯಾಟ್ ಅಂದುಕೊಂಡರೆ ದಿನಕ್ಕೆ ಹತ್ತು ಗಂಟೆ ಓಡಿದರೂ ತಿಂಗಳಿಗೆ 45 ಯೂನಿಟ್, ಮುನ್ನೂರು ರೂಪಾಯಿ ಚಿಲ್ಲರೆ. ಆದರೆ ಇದು ಎಲ್ಲ ಊರಿಗೂ ಒಗ್ಗುವುದಿಲ್ಲ.

ನಿಮ್ಮ ಊರಲ್ಲಿ ಬೇಸಿಗೆಯಲ್ಲಿ ಮಡಕೆ ನೀರು ಎಷ್ಟು ತಣ್ಣಗಿರುತ್ತದೆ ಅಂತ ನೆನಪು ಮಾಡಿಕೊಳ್ಳಿ. ಕಲಬುರಗಿ, ರಾಯಚೂರಿನಲ್ಲಿ ಹಲ್ಲು ಜುಮ್ಮೆನ್ನುತ್ತದೆ. ಮಂಗಳೂರಿನಲ್ಲಿ ಮಡಕೆ ಇಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ. ಕೂಲರ್ ಕೆಲಸ ಮಾಡುವುದೂ ಮಡಕೆಯ ಹಾಗೇ, ನೀರು ಆವಿಯಾಗುವಾಗ ಬಿಸಿ ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದರೆ ತಾನೇ ಆವಿಯಾಗುವುದು?

ಕೊಳ್ಳುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗಾಜಿನ ಥರ್ಮಾಮೀಟರ್ ತುದಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಟೇಬಲ್ ಫ್ಯಾನ್ ಮುಂದೆ ಐದು ನಿಮಿಷ ಹಿಡಿಯಿರಿ. ಎಲ್ಲಿಗೆ ಇಳಿದು ನಿಲ್ಲುತ್ತದೋ ಅದಕ್ಕಿಂತ ಕೆಳಗೆ ಯಾವ ಕೂಲರೂ ಹೋಗಲಾರದು. ಒಳ್ಳೆಯ ಕೂಲರ್ ಆ ಇಳಿತದ ಮುಕ್ಕಾಲು ಭಾಗ ಇಳಿಸುತ್ತದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ, 34 ಡಿಗ್ರಿ, ತೇವಾಂಶ 30 ಇದ್ದಾಗ ಒದ್ದೆ ಬಟ್ಟೆ 21ರ ಹತ್ತಿರ ನಿಲ್ಲುತ್ತದೆ, ಕೂಲರಿನಿಂದ 24-25ರ ಗಾಳಿ ಬರುತ್ತದೆ. ಕಲಬುರಗಿಯ ಮೇ ತಿಂಗಳು, 40 ಡಿಗ್ರಿ, ತೇವಾಂಶ 20 ಇದ್ದರೆ 27ರ ಆಸುಪಾಸು. ಮಂಗಳೂರಿನಲ್ಲಿ 33 ಡಿಗ್ರಿ, ತೇವಾಂಶ 65 ಇದ್ದರೆ 29ರ ಹತ್ತಿರ, ಅದೂ ಹಿಂಡಿದರೆ ನೀರು ಬರುವಂಥ ಗಾಳಿ. ಕರಾವಳಿಯವರು ಕೂಲರ್ ತಗೊಳ್ಳಲೇಬೇಡಿ.

ಇಡುವ ಜಾಗವೂ ಮುಖ್ಯ. ಕೂಲರ್ ಟೆಂಟ್ ಒಳಗಲ್ಲ, ಹೊರಗೆ. ಕಿಟಕಿಯ ಒಣ ಗಾಳಿಯನ್ನು ಎಳೆದುಕೊಂಡು ಟೆಂಟ್‌ನ ಕೆಳಗಿನ ಕಿಂಡಿಯತ್ತ ಊದಲಿ. ಟೆಂಟ್‌ನಿಂದ ಹೊರಬರುವ ಗಾಳಿ ಇನ್ನೊಂದು ದಿಕ್ಕಿನಿಂದ ಮನೆಯಾಚೆ ಹೋಗಲಿ. ರೂಮು ಮುಚ್ಚಿ ಕೂಲರ್ ಓಡಿಸಿದರೆ ಒಂದೇ ಗಂಟೆಯಲ್ಲಿ ರೂಮೆಲ್ಲ ತೇವ, ತಂಪು ನಿಂತುಹೋಗುತ್ತದೆ. ಕೂಲರಿನ ಗಾಳಿಯಲ್ಲಿ ತೇವಾಂಶ 70 ದಾಟಿರುತ್ತದೆ ಅಂತ ಹೆದರಬೇಕಿಲ್ಲ. ಆಗ ಲೈಟ್ ಉರಿಸುವವರಿಗೆ, ಟೆಂಟ್ ಒಳಗೆ ಲೈಟ್ ಬಿಸಿಗೆ ಅದು 27ಕ್ಕೆ ಏರಿದಾಗ ತೇವಾಂಶ 60ರ ಸುತ್ತ ಬಂದು ನಿಲ್ಲುತ್ತದೆ, ಗಿಡಕ್ಕೆ ಬೇಕಾದ್ದೇ ಅದು. ನಾನು ಮೂರು ವರ್ಷದಿಂದ ಮಾರ್ಚ್ ಮಧ್ಯದಿಂದ ಮೇ ಕೊನೆಯವರೆಗೆ ಹೀಗೇ ನಡೆಸುತ್ತಿದ್ದೇನೆ. ಲೈಟ್ ಆರಿರುವ ಮಧ್ಯಾಹ್ನ ಕೂಲರ್ ಓಡುತ್ತದೆ, ಲೈಟ್ ಉರಿಯುವ ರಾತ್ರಿ ಹೊರಗಿನ ಗಾಳಿಯೇ ಸಾಕು. ಜೂನ್‌ನಲ್ಲಿ ಮಳೆ ಹಿಡಿದ ದಿನ ಕೂಲರ್ ಅಟ್ಟಕ್ಕೆ. ನೀರು ಮಾತ್ರ ದಿನಕ್ಕೆ ಎರಡು ಬಕೆಟ್‌ನಷ್ಟು ಕುಡಿಯುತ್ತದೆ, ಟ್ಯಾಂಕರ್ ನೀರು ಕೊಳ್ಳುವ ಬಡಾವಣೆಯವರು ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಎಸಿ

ಹಾಕಿಸುವುದಾದರೆ ಸ್ಪ್ಲಿಟ್ ಎಸಿ ಹಾಕಿಸಿ. ಪೋರ್ಟಬಲ್ ಎಸಿ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಬೇಡ ಅಂತಲೇ. ಒಂದೇ ಪೈಪಿನ ಪೋರ್ಟಬಲ್ ಎಸಿ ರೂಮಿನ ತಂಪು ಗಾಳಿಯನ್ನೇ ಒಂದಿಷ್ಟು ಎಳೆದು ಬಿಸಿ ಮಾಡಿ ಹೊರಗೆ ನೂಕುತ್ತದೆ, ಆ ಜಾಗ ತುಂಬಲು ಬಾಗಿಲ ಸಂದಿ, ಕಿಟಕಿ ಸಂದಿಯಿಂದ ಹೊರಗಿನ ಬಿಸಿಗಾಳಿ ನುಗ್ಗುತ್ತದೆ. ಅದರ ಸದ್ದೂ ರೂಮಿನೊಳಗೇ. ಗೋಡೆ ಕೊರೆಯಲು ಸಾಧ್ಯವೇ ಇಲ್ಲ ಅನ್ನುವವರು ಎರಡು ಪೈಪಿನದ್ದು ಸಿಕ್ಕರೆ ಮಾತ್ರ ನೋಡಿ.

ಒಂದು ಟನ್ ಇನ್ವರ್ಟರ್ ಸ್ಪ್ಲಿಟ್ ಮೂವತ್ತು ಸಾವಿರದ ಮೇಲೆ. ಸರಾಸರಿ 700 ವ್ಯಾಟ್ ಅಂತ ಹಿಡಿದು ದಿನಕ್ಕೆ ಎಂಟು ಗಂಟೆ ಓಡಿಸಿದರೆ ತಿಂಗಳಿಗೆ 168 ಯೂನಿಟ್, ಸಾವಿರದ ಇನ್ನೂರು ರೂಪಾಯಿ ಹತ್ತಿರ. ಮನೆಯ ಲೆಟಿಸ್‌ಗೋಸ್ಕರ ಮಾತ್ರ ಇದನ್ನು ಹಾಕಿಸಿದರೆ ಲೆಕ್ಕ ಕೂಡಿಬರುವುದಿಲ್ಲ. ಮೈಕ್ರೋಗ್ರೀನ್ಸ್ (ಎಳೆ ಸಸಿಯಾಗಿರುವಾಗಲೇ ಕುಯ್ದು ತಿನ್ನುವ ಸೊಪ್ಪು), ಸ್ಟ್ರಾಬೆರಿ ಬೆಳೆದು ಮಾರುವವರಿಗೆ, ನಾಲ್ಕೈದು ಟೆಂಟ್ ಇರುವವರಿಗೆ, ಅಥವಾ ಮನೆಯಲ್ಲಿ ಈಗಾಗಲೇ ಎಸಿ ಇರುವ ರೂಮಿಗೆ ಟೆಂಟ್ ಸರಿಸಬಹುದಾದವರಿಗೆ ಇದು ಸರಿ.

ಎಸಿ ರೂಮಿನಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಟೆಂಟ್‌ನ ಪೈಪನ್ನು ಅಭ್ಯಾಸಬಲದಿಂದ ಕಿಟಕಿಯಾಚೆ ಬಿಟ್ಟಿರುತ್ತಾರೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ರೂಮಿನಲ್ಲಿ 1000 ಘನ ಅಡಿ ಗಾಳಿ ಇರುತ್ತದೆ. 133 ಸಿಎಫ್‌ಎಂ ಫ್ಯಾನ್ ಏಳೂವರೆ ನಿಮಿಷಕ್ಕೊಮ್ಮೆ ಅಷ್ಟೂ ತಂಪು ಗಾಳಿಯನ್ನು ಬೀದಿಗೆ ಸುರಿಯುತ್ತದೆ. ಎಸಿ ಇರುವಾಗ ಟೆಂಟ್‌ನ ಗಾಳಿ ರೂಮಿಗೇ ಬರಲಿ. ಲೈಟ್‌ನ 200 ವ್ಯಾಟ್ ಬಿಸಿ ಒಂದು ಟನ್ ಎಸಿಗೆ ಏನೂ ಅಲ್ಲ, ಅದು 3500 ವ್ಯಾಟ್ ಬಿಸಿಯನ್ನು ಹೊರಹಾಕುವಂಥದ್ದು. ಎಸಿ ಇಲ್ಲದ ರೂಮಿನಲ್ಲಿ ಮಾತ್ರ ಪೈಪು ಕಿಟಕಿಯಾಚೆ. ಇದೊಂದನ್ನು ತಿರುವುಮುರುವು ಮಾಡಿಕೊಂಡು ಬಿಲ್ ನೋಡಿ ಬೆಚ್ಚಿಬಿದ್ದವರು ಬಹಳ ಜನ. ದಿನಕ್ಕೆ ಒಂದೆರಡು ಸಲ ಬಾಗಿಲು ತೆಗೆದರೆ ಗಿಡಕ್ಕೆ ಬೇಕಾದ ಹೊಸ ಗಾಳಿಯೂ ಸಿಕ್ಕಂತಾಯಿತು. ಎಸಿ ಗಾಳಿಯ ತೇವವನ್ನೂ ಹಿಂಡುತ್ತದೆ, ಬೆಂಗಳೂರಿನ ಬೇಸಿಗೆಯಲ್ಲಿ ಸಸಿಗಳು ಅದಕ್ಕೇ ಬಾಡುತ್ತವೆ. ಸಸಿ ಹಂತದಲ್ಲಿ ಟ್ರೇಗೆ ಮುಚ್ಚಳ ಹಾಕಿಡಿ.

ಕರಾವಳಿ, ಮಲೆನಾಡಿನವರಿಗೆ

ನಮ್ಮಕ್ಕ ಮದುವೆಯಾಗಿ ಮಂಗಳೂರಿಗೆ ಹೋದವಳು. ನನ್ನ ಟೆಂಟ್ ನೋಡಿ ಅವಳೂ ಒಂದು ತರಿಸಿದಳು. ಜುಲೈನಲ್ಲಿ ಫೋನ್. "ಟೆಂಪರೇಚರ್ ಎಲ್ಲ ನೀನು ಹೇಳಿದ ಹಾಗೇ ಇದೆ ಕಣೋ, 28 ದಾಟಿಲ್ಲ. ಆದ್ರೂ ಮೆಂತ್ಯ, ಸಾಸಿವೆ ಎಲ್ಲ ಬುಡದಲ್ಲಿ ಹತ್ತಿ ಥರ ಬೂಷ್ಟು ಹಿಡಿದು ಮಲಗಿಬಿಟ್ಟಿವೆ." ಅವಳು ಫ್ಯಾನನ್ನು ಪೂರ್ತಿ ಸ್ಪೀಡಿಗೆ ಇಟ್ಟಿದ್ದಳು. ಹೊರಗೇ ತೇವಾಂಶ 90 ಇರುವಾಗ ಹೊರಗಿನ ಗಾಳಿ ತುಂಬಿಸಿದಷ್ಟೂ ತೇವವೇ ಬಂದು ಸೇರುತ್ತದೆ.

ಅಲ್ಲಿ ಬಿಸಿ ನಿಮ್ಮ ಸ್ನೇಹಿತ. 27 ಡಿಗ್ರಿಯಲ್ಲಿ 88 ತೇವಾಂಶ ಇರುವ ಗಾಳಿ, ಲೈಟ್‌ನಿಂದ 30ಕ್ಕೆ ಏರಿದರೆ ತೇವಾಂಶ 74ಕ್ಕೆ ಇಳಿಯುತ್ತದೆ. ಅದಕ್ಕೇ ಮಳೆಗಾಲದಲ್ಲೂ ಲೈಟ್ ರಾತ್ರಿಯೇ ಉರಿಯಲಿ, ಕಾರಣ ಮಾತ್ರ ಬೇರೆ. ರಾತ್ರಿ ತಣ್ಣಗಾದಾಗ ಎಲೆ ಮೇಲೆ ನೀರು ಕೂರದ ಹಾಗೆ ಅದು ಕಾಯುತ್ತದೆ. ಫ್ಯಾನ್ ನಿಧಾನ, ಕ್ಲಿಪ್ ಫ್ಯಾನ್ ಎರಡು, ಬೀಜ ಅರ್ಧದಷ್ಟು ತೆಳುವಾಗಿ ಚೆಲ್ಲುವುದು, ನೀರು ಮೇಲಿನಿಂದ ಚಿಮುಕಿಸದೆ ಟ್ರೇ ಕೆಳಗಿನಿಂದ ಕೊಡುವುದು. ಅಕ್ಕನ ಮುಂದಿನ ಟ್ರೇಗಳು ಉಳಿದದ್ದು ಇಷ್ಟರಿಂದಲೇ.

ಇಷ್ಟಕ್ಕೂ ಬಗ್ಗದಿದ್ದರೆ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಯಂತ್ರ, ಹದಿನೈದು ಸಾವಿರದ ಮೇಲೆ. ಇದು ಎಳೆಯುವ ಕರೆಂಟೂ ಬಿಸಿಯಾಗುತ್ತದೆ, ಹಿಡಿಯುವ ಒಂದೊಂದು ಲೀಟರ್ ನೀರೂ ಮುಕ್ಕಾಲು ಯೂನಿಟ್‌ಗೆ ಹತ್ತಿರದಷ್ಟು ಬಿಸಿ ಬಿಡುತ್ತದೆ. ಆದ್ದರಿಂದ ಇದನ್ನು ಟೆಂಟ್ ಒಳಗೆ ಇಡಬೇಡಿ. ರೂಮಿನಲ್ಲಿಟ್ಟು, ಕಿಟಕಿ ಮುಚ್ಚಿ, ಟೆಂಟ್‌ನ ಗಾಳಿ ಅದೇ ರೂಮಿಗೆ ಬರುವಂತೆ ಬಿಡಿ. ಎರಡು ಮೂರು ಸಾವಿರಕ್ಕೆ ಸಿಗುವ ಅಂಗೈಯಗಲದ ಡಬ್ಬಗಳು ದಿನಕ್ಕೆ ಎರಡು ಲೋಟ ನೀರು ಹಿಡಿದರೆ ಹೆಚ್ಚು. ಗಿಡಕ್ಕೆ ದಿನಕ್ಕೆ ಮೂರು ಲೀಟರ್ ಕೊಟ್ಟರೆ ಅದರಲ್ಲಿ ಬಹುಪಾಲು ಎಲೆಯಿಂದ ಗಾಳಿಗೇ ಬರುತ್ತದೆ ಅನ್ನೋದು ನೆನಪಿದ್ದರೆ ಅವುಗಳ ಮೇಲೆ ಆಸೆ ಹೋಗುತ್ತದೆ. ಕರಾವಳಿಯಲ್ಲಿ ಮಲಗುವ ಕೋಣೆಗೆ ಹೇಗೂ ಎಸಿ ಬೇಕು ಅನ್ನುವವರು ಆ ರೂಮಿನ ಮೂಲೆಯಲ್ಲೇ ಟೆಂಟ್ ಇಡಿ, ಬಿಸಿ, ತೇವ ಎರಡೂ ಒಟ್ಟಿಗೆ ಇಳಿಯುತ್ತವೆ.

ವಿದೇಶದ ಚಳಿ ಊರುಗಳಲ್ಲಿ ಕರಿಬೇವಿನ ಗಿಡ ಉಳಿಸಲು ಟೆಂಟ್ ಇಟ್ಟವರಿಗೆ ಇದೆಲ್ಲ ತಲೆಕೆಳಗು. ಬೇಸ್‌ಮೆಂಟ್ 16 ಡಿಗ್ರಿ, ಹೀಟರ್‌ನಿಂದಾಗಿ ಗಾಳಿ ಒಣ. ನಿಮಗೆ ದೊಡ್ಡ ಫ್ಯಾನ್ ಬೇಡ, ಲೈಟ್‌ನ ಬಿಸಿಯನ್ನು ಒಳಗೇ ಹಿಡಿದಿಡುವ ನಾಲ್ಕು ಇಂಚಿನ ಫ್ಯಾನ್ ಮತ್ತು ಅದನ್ನು ಬೇಕಾದಾಗ ಮಾತ್ರ ಓಡಿಸುವ ಕಂಟ್ರೋಲರ್ ಬೇಕು.

ಬೇರನ್ನು ಮಾತ್ರ ತಂಪು ಮಾಡುವುದು

ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ ಗೊಬ್ಬರ ಬೆರೆಸಿದ ನೀರಿನಲ್ಲೇ ಬೆಳೆ ತೆಗೆಯುವವರಿಗೆ ಇನ್ನೊಂದು ದಾರಿ ಇದೆ. ಗಾಳಿ 30 ಇದ್ದರೂ ಬೇರಿನ ನೀರು 20-22 ಇದ್ದರೆ ಲೆಟಿಸ್ ಅಚ್ಚರಿಯಾಗುವಷ್ಟು ತಡೆಯುತ್ತದೆ. ಸಿಂಗಪುರದ ಸೆಕೆಯಲ್ಲಿ ಬೇರಿನ ಭಾಗವನ್ನು ಮಾತ್ರ ತಂಪಾಗಿಟ್ಟು ಲೆಟಿಸ್ ಬೆಳೆದು ತೋರಿಸಿದ್ದಾರೆ. ನೀರು 20 ಡಿಗ್ರಿ ಇದ್ದಾಗ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 30ಕ್ಕೆ ಏಳೂವರೆ. ಬಿಸಿ ನೀರಿನಲ್ಲಿ ಬೇರು ಕೊಳೆಯೂ ಬೇಗ. ತೊಟ್ಟಿಗೆ ಥರ್ಮಾಕೋಲ್ ಹೊದಿಸಿ, ಟೆಂಟ್ ಹೊರಗೆ ನೆಲದ ಮೇಲಿಟ್ಟು, ಮಧ್ಯಾಹ್ನ ಒಂದು ಲೀಟರಿನ ಎರಡು ಬಾಟಲಿ ಐಸ್ ಇಳಿಬಿಟ್ಟರೆ 20 ಲೀಟರ್ ನೀರು ಏಳೆಂಟು ಡಿಗ್ರಿ ಇಳಿಯುತ್ತದೆ. ದಿನಾ ಬಾಟಲಿ ಬದಲಾಯಿಸುವ ಶ್ರಮ ಇದೆ, ಖರ್ಚಿಲ್ಲ. ಒಂದೆರಡು ಟ್ರೇ ಇರುವವರಿಗೆ ಎಸಿಗಿಂತ ಇದೇ ಮೇಲು.

ಯಾವುದನ್ನೇ ಆರಿಸಿದರೂ ವೈರಿಂಗ್‌ನಲ್ಲಿ ಉಳಿತಾಯ ಬೇಡ. ನೀರು, ಕರೆಂಟು ಎರಡೂ ಒಂದೇ ಕಡೆ ಇರುವ ಜಾಗ ಇದು. ಆ ಪ್ಲಗ್‌ಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಕಡಿದುಬಿಡುವ ಸ್ವಿಚ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲೆ ಇಡದೆ ಕಂಬಕ್ಕೆ ಕಟ್ಟಿ.

ಕೈಯಲ್ಲಿ ಎರಡು ಸಾವಿರವೇ ಇರುವುದು, ಮೇ ತಿಂಗಳಲ್ಲಿ ರೂಮು 36 ಮುಟ್ಟುತ್ತದೆ ಅನ್ನುವವರು ಬೇಸರ ಮಾಡಿಕೊಳ್ಳಬೇಡಿ. ಬೆಳೆ ಬದಲಾಯಿಸುವುದೂ ಒಂದು ಆಯ್ಕೆಯೇ. ಕೂಲರ್ ಕೆಟ್ಟು ರಿಪೇರಿಗೆ ಹೋಗಿದ್ದ ವರ್ಷ ನಾನು ಲೆಟಿಸ್ ಟ್ರೇಗಳನ್ನೆಲ್ಲ ತೊಳೆದಿಟ್ಟು ಕೆಂಪು ಹರಿವೆ ಚೆಲ್ಲಿದೆ. 34 ಡಿಗ್ರಿಯಲ್ಲೂ ಅದು ತಲೆಬಾಗಲಿಲ್ಲ. ಇಪ್ಪತ್ತೆಂಟನೇ ದಿನ ಬುಡಸಮೇತ ಕಿತ್ತು ಅಮ್ಮನಿಗೆ ಕೊಟ್ಟೆ, ಮಧ್ಯಾಹ್ನ ತಟ್ಟೆಯಲ್ಲಿ ಅನ್ನಕ್ಕೆಲ್ಲ ಅದರ ಬಣ್ಣ ಹತ್ತಿತ್ತು.